ಆಲ್ಬಮ್ಮಿನ ಹಿಂಬದಿ: ಸಂಗೀತಗಾರರ ಕುರಿತು ಓದುಗರ ಪ್ರಶ್ನೆಗಳು

ಜನಪ್ರಿಯ ಹಾಗೂ ಪ್ರಾಯೋಗಿಕ ಸಂಗೀತದ ಬೇರೆಬೇರೆ ಬಗೆಯ ಕಲಾವಿದರನ್ನೂ ಬ್ಯಾಂಡುಗಳನ್ನೂ ಪರಿಚಯಿಸುವ ಬರಹಗಳನ್ನು ಓದಿದವರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇನೆ. ಹೆಚ್ಚಿನವು ಸುತ್ತಿ ಬಳಸಿ ‘ಇದನ್ನು ಮಾಡಿದವರು ನಿಜವಾಗಿ ಯಾರು’ ಎಂಬಲ್ಲಿಗೇ ಬಂದು ನಿಲ್ಲುವುದರಿಂದ ಒಟ್ಟಿಗೆ ಓದಿಕೊಳ್ಳಬಹುದು.

ಪ್ರಶ್ನೆ: ಜರ್ಮನಿಯ ಕ್ಯಾನ್ ಬ್ಯಾಂಡಿನ ಆಲ್ಬಮ್ಮುಗಳಲ್ಲಿ ಸಂಯೋಜಕರ ಹೆಸರಿರಬೇಕಾದ ಜಾಗದಲ್ಲಿ ಬ್ಯಾಂಡಿನ ಹೆಸರೇ ಇದೆ. ಐದು ಜನ ಕೂಡಿ ಸಂಯೋಜಿಸುವುದು ಎಂದರೇನು? ಯಾರಾದರೊಬ್ಬರು ಮೊದಲು ಬರೆದಿಟ್ಟಿರಲೇಬೇಕಲ್ಲವೇ?

ಉತ್ತರ: ಬರೆದಿಟ್ಟಿರಲಿಲ್ಲ ಎಂಬುದೇ ಆ ಬ್ಯಾಂಡಿನ ವಿಶೇಷ. 1968ರಲ್ಲಿ ಕೊಲೋನ್ ನಗರದಲ್ಲಿ ಕ್ಯಾನ್ ರೂಪುಗೊಂಡಾಗ ಅದರಲ್ಲಿದ್ದವರು ಹದಿಹರೆಯದ ರಾಕ್ ಹುಡುಗರಲ್ಲ. ಕೀಬೋರ್ಡಿನ ಇರ್ಮಿನ್ ಶ್ಮಿಟ್ ಮತ್ತು ಬೇಸ್ ಗಿಟಾರಿನ ಹೋಲ್ಗರ್ ಚುಕೈ ಇಬ್ಬರೂ ಮೂವತ್ತರ ಆಸುಪಾಸಿನಲ್ಲಿದ್ದವರು. ವಿದ್ಯುನ್ಮಾನ ಸಂಗೀತದ ದೊಡ್ಡ ಹೆಸರಾದ ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್ ಅವರ ಬಳಿ ಪಾಠ ಹೇಳಿಸಿಕೊಂಡವರು. ಡ್ರಮ್ಮರ್ ಯಾಕಿ ಲೀಬೆಟ್ಸೈಟ್ ಫ್ರೀ ಜಾಝ್‌ನಲ್ಲಿ ಹೆಸರು ಮಾಡಿ, ಅಲ್ಲಿ ತಾಳವನ್ನು ಒಡೆಯುವುದೇ ನಿಯಮವಾಗಿಬಿಟ್ಟದ್ದಕ್ಕೆ ಬೇಸತ್ತು ಬಂದಿದ್ದರು. ಇವರೆಲ್ಲರಿಗಿಂತ ಹತ್ತು ವರ್ಷ ಕಿರಿಯರಾದ ಗಿಟಾರಿನ ಮೈಕೆಲ್ ಕರೋಲಿ, ಚುಕೈ ಅವರ ಶಿಷ್ಯ. ರಾಕ್ ಸಂಗೀತವನ್ನು ಗಂಭೀರವಾಗಿ ಕೇಳುವುದನ್ನು ಶಿಷ್ಯನೇ ಗುರುವಿಗೆ ಕಲಿಸಿದ ಎಂಬುದು ಆ ಬಳಗದ ಪ್ರಸಿದ್ಧ ಸಂಗತಿ. ಮೊದಲು ಅಮೆರಿಕದ ಶಿಲ್ಪಿ ಮಾಲ್ಕಮ್ ಮೂನಿ ಹಾಡುತ್ತಿದ್ದರು. ಅವರು ತಮ್ಮ ದೇಶಕ್ಕೆ ಮರಳಿದ ಮೇಲೆ, 1970ರಲ್ಲಿ, ಮ್ಯೂನಿಕ್‌ನ ಬೀದಿಯಲ್ಲಿ ಹಾಡುತ್ತಿದ್ದ ಜಪಾನಿನ ತರುಣ ಡಾಮೋ ಸುಝುಕಿ ಚುಕೈ ಮತ್ತು ಲೀಬೆಟ್ಸೈಟ್ ಅವರ ಕಣ್ಣಿಗೆ ಬಿದ್ದರು. ಅಂದೇ ರಾತ್ರಿ ಅವರನ್ನು ಯಾವ ತಾಲೀಮೂ ಇಲ್ಲದೆ ವೇದಿಕೆ ಹತ್ತಿಸಲಾಯಿತು.

ಕೆಲಸದ ಕ್ರಮ ಹೀಗಿತ್ತು. ಎಲ್ಲರೂ ಒಂದು ಕೋಣೆಯಲ್ಲಿ ಕುಳಿತು ಗಂಟೆಗಟ್ಟಲೆ ನುಡಿಸುತ್ತಾರೆ, ಟೇಪು ತಿರುಗುತ್ತಿರುತ್ತದೆ. ಆಮೇಲೆ ಚುಕೈ ಆ ಉದ್ದನೆಯ ಟೇಪುಗಳನ್ನು ಕೇಳಿ, ಬೇಕಾದ ಭಾಗಗಳನ್ನು ಕತ್ತರಿಸಿ ಅಂಟಿಸಿ ಹಾಡಿನ ಆಕಾರಕ್ಕೆ ತರುತ್ತಾರೆ. ಕೊಲೋನ್ ಸಮೀಪದ ನೊರ್ವೆನಿಶ್ ಎಂಬ ಹಳೆಯ ಕೋಟೆಮನೆಯಲ್ಲಿ ಧ್ವನಿಮುದ್ರಿಸಿ 1971ರಲ್ಲಿ ಹೊರತಂದ ‘ಟಾಗೋ ಮಾಗೋ’ ಎಂಬ ಜೋಡಿ ಆಲ್ಬಮ್ಮಿನಲ್ಲಿ ‘ಹಲ್ಲೆಲೂವಾ’ ಎಂಬ ಒಂದು ಹಾಡೇ 18 ನಿಮಿಷ ಇದೆ. ಅದನ್ನು ಮೊದಲ ಬಾರಿ ಕೇಳಿದವರಿಗೆ ಅಲ್ಲಿ ಏನೂ ಬದಲಾಗುತ್ತಿಲ್ಲ ಅನ್ನಿಸುತ್ತದೆ. ಲೀಬೆಟ್ಸೈಟ್ ಅವರ ಡ್ರಮ್ಮನ್ನೇ ಹಿಡಿದು ಮತ್ತೊಮ್ಮೆ ಕೇಳಿದರೆ, ಆವರ್ತ ಅದೇ ಇದ್ದರೂ ಒತ್ತು ಬೀಳುವ ಜಾಗ ಕೂದಲೆಳೆಯಷ್ಟು ಸರಿಯುತ್ತ ಹೋಗುವುದು ತಿಳಿಯುತ್ತದೆ. ಈ ಡ್ರಮ್ಮು ಇಲ್ಲದಿದ್ದರೆ ಚುಕೈ ಕತ್ತರಿಗೂ ಕೆಲಸವಿರುತ್ತಿರಲಿಲ್ಲ, ಏಕೆಂದರೆ ಲಯ ಅಷ್ಟು ಕರಾರುವಾಕ್ಕಾಗಿ ನಿಂತಿದ್ದರೆ ಮಾತ್ರ ಟೇಪಿನ ಎರಡು ತುಂಡುಗಳು ಜೋಡಣೆಯ ಗುರುತು ಕಾಣದಂತೆ ಕೂಡುತ್ತವೆ. ಹಾಗಿರುವಾಗ ಸಂಯೋಜಕ ಯಾರು? ನುಡಿಸಿದವನೋ, ನುಡಿಸಿದ್ದರಲ್ಲಿ ಯಾವುದು ಉಳಿಯಬೇಕೆಂದು ನಿರ್ಧರಿಸಿದವನೋ? ಹೆಸರನ್ನು ಬ್ಯಾಂಡಿಗೇ ಕೊಟ್ಟಿದ್ದು ಸೌಜನ್ಯಕ್ಕಲ್ಲ, ಆ ಪ್ರಶ್ನೆಗೆ ಬೇರೆ ಪ್ರಾಮಾಣಿಕ ಉತ್ತರವಿರಲಿಲ್ಲ ಎಂಬುದಕ್ಕಾಗಿ ಎಂದು ನಾನು ತಿಳಿದಿದ್ದೇನೆ.

ಪ್ರಶ್ನೆ: ಅದೇ ಕಾಲದ ಜರ್ಮನ್ ಆಲ್ಬಮ್ಮುಗಳಲ್ಲಿ ಕಾನ್ನಿ ಪ್ಲಾಂಕ್ ಎಂಬ ಹೆಸರು ಪದೇಪದೇ ಕಾಣುತ್ತದೆ. ಅವರು ಯಾವ ಬ್ಯಾಂಡಿನವರು?

ಉತ್ತರ: ಮುಖ್ಯವಾಗಿ ಅವರು ಧ್ವನಿಮುದ್ರಣದ ಎಂಜಿನಿಯರ್ ಮತ್ತು ನಿರ್ಮಾಪಕ. ಕ್ರಾಫ್ಟ್‌ವೆರ್ಕ್ ಬ್ಯಾಂಡಿನ ಆರಂಭದ ಆಲ್ಬಮ್ಮುಗಳು, ನೋಯ್, ಕ್ಲಸ್ಟರ್, ಮುಂದೆ ಬ್ರಿಟನ್ನಿನ ಅಲ್ಟ್ರಾವಾಕ್ಸ್, ಅಮೆರಿಕದ ಡೀವೋ, ಇವೆಲ್ಲ ಅವರ ಕೈಯಿಂದ ಹಾದುಹೋದವು. ಕ್ರಾಫ್ಟ್‌ವೆರ್ಕ್‌ಗೆ ಜಗತ್ತಿನಾದ್ಯಂತ ಹೆಸರು ತಂದ 1974ರ ‘ಆಟೋಬಾನ್’ ಅವರು ಆ ಬ್ಯಾಂಡಿಗಾಗಿ ಮಾಡಿದ ಕೊನೆಯ ಕೆಲಸ. ಮುಂದಿನ ಆಲ್ಬಮ್ಮುಗಳನ್ನು ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯಾನ್ ಶ್ನೈಡರ್ ತಾವೇ ನಿರ್ಮಿಸಿಕೊಂಡರು. ನೋಯ್ ಬ್ಯಾಂಡಿನವರಿಗೆ 1973ರ ಎರಡನೆಯ ಆಲ್ಬಮ್ಮಿನ ನಡುವೆ ಹಣ ಮುಗಿದುಹೋದಾಗ, ತಮ್ಮದೇ ಹಳೆಯ ಎರಡು ಹಾಡುಗಳ ರೆಕಾರ್ಡನ್ನು ಬೇಕೆಂದೇ ತಪ್ಪು ವೇಗಗಳಲ್ಲಿ ಓಡಿಸಿ ಇನ್ನೊಂದು ಬದಿಯನ್ನು ತುಂಬಿಸಿದರು. ಆಗ ಅದನ್ನು ಮೋಸ ಎಂದವರಿದ್ದರು. ಈಗ ಅದನ್ನು ರೀಮಿಕ್ಸಿನ ಪೂರ್ವಜ ಎನ್ನುವವರಿದ್ದಾರೆ. ಹಣವಿಲ್ಲದ ಇಬ್ಬರು ಜಾಣರ ಕೆಲಸ ಎಂಬುದಕ್ಕಿಂತ ಹೆಚ್ಚಿನ ಗೌರವ ಅದಕ್ಕೆ ಬೇಕೆಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಆಸಿಡ್ ಹೌಸ್ ಎಂಬ ನೃತ್ಯಸಂಗೀತವನ್ನು ಕಂಡುಹಿಡಿದವರು ಶಿಕಾಗೋದವರಲ್ಲ, ಮುಂಬಯಿಯ ಚರಣ್‌ಜಿತ್ ಸಿಂಗ್ ಎಂದು ಹಲವೆಡೆ ಓದಿದ್ದೇನೆ. ಇದು ನಿಜವೇ?

ಉತ್ತರ: ಹೆಮ್ಮೆ ಪಡಲು ಕಾರಣವಿದೆ, ಆದರೆ ಆ ಕಾರಣ ಇದಲ್ಲ.

ಮೊದಲು ಖಚಿತವಾಗಿ ತಿಳಿದಿರುವುದನ್ನು ನೋಡೋಣ. ಹಿಂದಿ ಚಿತ್ರಸಂಗೀತದ ವಾದ್ಯವೃಂದಗಳಲ್ಲಿ ವರ್ಷಗಟ್ಟಲೆ ನುಡಿಸಿದ್ದ ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂಡಿಸಿ ಒಂದು ಆಲ್ಬಮ್ಮನ್ನು ಧ್ವನಿಮುದ್ರಿಸಿದರು. ಅದಕ್ಕೆ ಬಳಸಿದ್ದು ಜಪಾನಿನ ರೋಲಂಡ್ ಕಂಪನಿಯ ಮೂರು ಯಂತ್ರಗಳು: ಜ್ಯೂಪಿಟರ್ 8 ಎಂಬ ಸಿಂಥಸೈಜರ್, ಟಿಆರ್ 808 ಎಂಬ ಡ್ರಮ್ ಯಂತ್ರ, ಟಿಬಿ 303 ಎಂಬ ಬೇಸ್ ಯಂತ್ರ. ಆಲ್ಬಮ್ಮು ಹೆಚ್ಚು ಮಾರಾಟವಾಗದೆ ಮರೆಯಾಯಿತು. ಇತ್ತ ಶಿಕಾಗೋದಲ್ಲಿ ಫ್ಯೂಚರ್ ಎಂಬ ಮೂವರ ತಂಡ ಅದೇ ಟಿಬಿ 303 ಯಂತ್ರದ ಗುಂಡಿಗಳನ್ನು ತಿರುಗಿಸುತ್ತ ಮಾಡಿಕೊಂಡ ಧ್ವನಿಮುದ್ರಣ ರಾನ್ ಹಾರ್ಡಿ ಎಂಬ ಡಿಜೆ ಕೈಸೇರಿ, ಅವರ ಕ್ಲಬ್ಬಿನಲ್ಲಿ ಜನಪ್ರಿಯವಾಗಿ, 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಎಂಬ ಹೆಸರಿನಲ್ಲಿ ರೆಕಾರ್ಡಾಗಿ ಬಂತು. 2010ರಲ್ಲಿ ಸಿಂಗ್ ಅವರ ಆಲ್ಬಮ್ಮು ಮರುಮುದ್ರಣವಾದಾಗ, ಶಿಕಾಗೋಗಿಂತ ಐದು ವರ್ಷ ಹಿಂದೆಯೇ ಅಂಥದೇ ನಾದ ಇಲ್ಲಿತ್ತಲ್ಲ ಎಂದು ಕೇಳಿದವರೆಲ್ಲ ಬೆರಗಾದರು. ಬೆರಗು ಸಹಜ.

ಆದರೆ ಶಿಕಾಗೋದ ಆ ಯುವಕರು ಸಿಂಗ್ ಅವರನ್ನು ಕೇಳಿರಲಿಲ್ಲ, ಸಿಂಗ್ ಅವರಿಗೂ ಅಂಥದೊಂದು ಪ್ರಕಾರವನ್ನು ಹುಟ್ಟುಹಾಕುವ ಉದ್ದೇಶವಿರಲಿಲ್ಲ. ಎರಡೂ ಕಡೆ ಇದ್ದದ್ದು ಒಂದೇ ಯಂತ್ರ. ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಬೇಸಿನ ಜೊತೆ ಒದಗಿಸಲೆಂದು ಮಾಡಿದ ಟಿಬಿ 303, ನಿಜವಾದ ಬೇಸ್ ಗಿಟಾರಿನಂತೆ ಕೇಳಿಸುತ್ತಲೇ ಇರಲಿಲ್ಲವಾದ್ದರಿಂದ ಮಾರುಕಟ್ಟೆಯಲ್ಲಿ ಸೋತು, 1984ರ ಹೊತ್ತಿಗೆ ತಯಾರಿಕೆ ನಿಂತು, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗವಾಗಿ ಸಿಗತೊಡಗಿತು. ಅಷ್ಟರಲ್ಲಿ 1983ರಲ್ಲೇ ಸ್ಕಾಟ್ಲೆಂಡಿನ ಆರೆಂಜ್ ಜ್ಯೂಸ್ ಬ್ಯಾಂಡು ತನ್ನ ಅತಿ ಜನಪ್ರಿಯ ಹಾಡಿನಲ್ಲಿ ಅದನ್ನು ಬಳಸಿಯಾಗಿತ್ತು. ‘ಮೊದಲು ಯಾರು’ ಎಂಬ ಸ್ಪರ್ಧೆಗೆ ಇಳಿದರೆ ಸಾಲು ಉದ್ದವಾಗುತ್ತದೆ.

ಸ್ಪರ್ಧೆಯಿಂದ ಹೊರಬಂದು ಕೇಳಿದಾಗ ಸಿಂಗ್ ಅವರ ನಿಜವಾದ ಸಾಧನೆ ಕಿವಿಗೆ ಸಿಗುತ್ತದೆ. ಟಿಬಿ 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಸೌಲಭ್ಯವಿದೆ. ಶಿಕಾಗೋದವರು ಅದರಿಂದ ಅಮಲಿನ ಗುಂಗನ್ನು ಹೊರಡಿಸಿದರೆ, ಸಿಂಗ್ ಅದರಲ್ಲಿ ಮೀಂಡಿನ ಹತ್ತಿರ ಬರುವ ದಾರಿಯೊಂದನ್ನು ಕಂಡುಕೊಂಡರು. ಭೈರವ, ಲಲಿತ, ತೋಡಿ, ಮಾಲ್‌ಕೌಂಸ್ ಮುಂತಾದ ರಾಗಗಳನ್ನು ಗಮಕವೆಂದರೇನೆಂದು ಗೊತ್ತಿಲ್ಲದ ಯಂತ್ರದಿಂದ ಹೇಳಿಸಬೇಕಾದಾಗ ಎಲ್ಲಿ ರಾಜಿ ಮಾಡಿಕೊಳ್ಳಬೇಕು, ಎಲ್ಲಿ ಮಾಡಿಕೊಳ್ಳಬಾರದು ಎಂಬ ವಿವೇಕ ಆ ಹತ್ತೂ ಕೃತಿಗಳಲ್ಲಿದೆ. ಶಿಕಾಗೋದವರ ಅಳತೆಗೋಲು ಹಿಡಿದು ಅವರನ್ನು ಹೊಗಳಿದರೆ ಈ ಕೆಲಸವೇ ಮರೆಯಾಗುತ್ತದೆ. 2015ರಲ್ಲಿ ತೀರಿಕೊಳ್ಳುವ ಮೊದಲು ಅವರು ವಿದೇಶಗಳಲ್ಲಿ ಅದೇ ಯಂತ್ರಗಳೊಂದಿಗೆ ಕಛೇರಿ ನಡೆಸಿದರು ಎಂಬುದು ಸಂತೋಷದ ವಿಷಯ.

ಪ್ರಶ್ನೆ: ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡಿನ ಹಾಡುಗಳಲ್ಲಿ ಬರುವ ನಿರಂತರ ಶ್ರುತಿಯ ನಾದ ಹಿಂದುಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರಿಂದ ಬಂದದ್ದೆಂದು ಒಂದು ಕಡೆ ಓದಿದೆ. ಸರಿಯೇ?

ಉತ್ತರ: ಕಾಲದ ಲೆಕ್ಕ ಕೂಡುವುದಿಲ್ಲ. ವೇಲ್ಸ್‌ನಿಂದ ಬಂದ ಜಾನ್ ಕೇಲ್ ನ್ಯೂಯಾರ್ಕಿನಲ್ಲಿ ಲಾ ಮಾಂಟ್ ಯಂಗ್ ಎಂಬ ಸಂಯೋಜಕರ ಗುಂಪಿನಲ್ಲಿ ಗಂಟೆಗಟ್ಟಲೆ ಒಂದೇ ಸ್ವರವನ್ನು ಹಿಡಿದು ನುಡಿಸಿದ ಅನುಭವದೊಂದಿಗೆ ಲೂ ರೀಡ್ ಅವರ ಜೊತೆ ಸೇರಿದರು. ಅವರಿಬ್ಬರಿದ್ದ ವೆಲ್ವೆಟ್ ಅಂಡರ್‌ಗ್ರೌಂಡಿನ ಮೊದಲ ಆಲ್ಬಮ್ಮು ಬಂದದ್ದು 1967ರಲ್ಲಿ. ನಮ್ಮಲ್ಲಿ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರಿಂದ ಮನೆಮಾತಾದ ಕಿರಾನಾ ಘರಾಣೆಗೇ ಸೇರಿದ ಪ್ರಾಣನಾಥರು ಅಮೆರಿಕಕ್ಕೆ ಬಂದದ್ದು 1970ರಲ್ಲಿ. ಯಂಗ್ ಮತ್ತು ಅವರ ಮಿತ್ರ ಟೆರ್ರಿ ರೈಲಿ ಆಮೇಲೆ ಅವರ ಶಿಷ್ಯರಾಗಿ ದಶಕಗಳ ಕಾಲ ಪಾಠ ಹೇಳಿಸಿಕೊಂಡದ್ದು ನಿಜ. ಆದರೆ ಅಷ್ಟರಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡಿನ ಮುಖ್ಯ ಕೆಲಸ ಮುಗಿದುಹೋಗಿತ್ತು, ಕೇಲ್ ಬ್ಯಾಂಡನ್ನು ಬಿಟ್ಟೂ ಆಗಿತ್ತು.

ಭಾರತದ ನಂಟು ಇಲ್ಲವೇ ಇಲ್ಲ ಎಂದಲ್ಲ. ಯಂಗ್ 1950ರ ದಶಕದಲ್ಲೇ ಅಲಿ ಅಕ್ಬರ್ ಖಾನರ ಸರೋದ್ ಧ್ವನಿಮುದ್ರಿಕೆಯನ್ನು ಕೇಳಿ, ಅದರಲ್ಲಿ ತಂಬೂರಿಯ ನಾದಕ್ಕೆ ಮನಸೋತಿದ್ದರು. ಹಾಗಾಗಿ ತಂಬೂರಿಯಿಂದ ಯಂಗ್‌ಗೆ, ಯಂಗ್‌ರಿಂದ ಕೇಲ್‌ಗೆ ಎಂಬ ದೂರದ ದಾರಿಯೊಂದನ್ನು ಎಳೆಯಬಹುದು. ಆದರೆ ಕೇಲ್ ತಮ್ಮ ವಯೋಲಾದಲ್ಲಿ ತಂತಿಗಳನ್ನು ಹೊರುವ ಕುದುರೆಯನ್ನು ಸಪಾಟಾಗಿ ತಿಕ್ಕಿ, ಹಲವು ತಂತಿಗಳ ಮೇಲೆ ಒಮ್ಮೆಗೇ ಕಮಾನು ಹಾಯುವಂತೆ ಮಾಡಿ, ಗಿಟಾರಿನ ಲೋಹದ ತಂತಿಗಳನ್ನು ಕಟ್ಟಿ ಎಬ್ಬಿಸಿದ ಸದ್ದು ಕಿವಿ ಕೊರೆಯುವಂಥದು. ತಂಬೂರಿ ಮನಸ್ಸನ್ನು ನಿಲ್ಲಿಸುವುದಕ್ಕಿದ್ದರೆ ಇದು ಕೆಣಕುವುದಕ್ಕಿದೆ. ಇದೇ ಬ್ಯಾಂಡಿನ ಡ್ರಮ್ಮರ್ ಮೋ ಟಕ್ಕರ್ ಅವರ ಬಗ್ಗೆ ಪರಿಚಯ ಲೇಖನಗಳು ಒಂದು ಸಾಲು ಬರೆದು ಮುಂದೆ ಹೋಗುತ್ತವೆ. ನಿಂತುಕೊಂಡು, ಬೇಸ್ ಡ್ರಮ್ಮನ್ನು ಮಲಗಿಸಿ, ತಾಳದ ತಟ್ಟೆಗಳನ್ನು ಬಹುಮಟ್ಟಿಗೆ ದೂರವಿಟ್ಟು ಅವರು ನುಡಿಸಿದ್ದರಿಂದಲೇ ಆ ವಯೋಲಾದ ಸದ್ದಿಗೆ ಮೇಲಿನ ಜಾಗ ಖಾಲಿ ಸಿಕ್ಕಿತು ಎಂಬುದನ್ನು ಮುಂದಿನ ಸಲ ಕೇಳುವಾಗ ಗಮನಿಸಿ.

ಪ್ರಶ್ನೆ: ಕಿಂಗ್ ಟಬ್ಬಿ ಯಾವ ವಾದ್ಯವನ್ನೂ ನುಡಿಸಲಿಲ್ಲ, ಹಾಡಲಿಲ್ಲ, ರಾಗ ಕಟ್ಟಲಿಲ್ಲ. ಬೇರೆಯವರು ನುಡಿಸಿದ್ದನ್ನು ತಿದ್ದಿದವರನ್ನು ಮಹಾನ್ ಸಂಗೀತಗಾರರ ಸಾಲಿನಲ್ಲಿ ಕೂರಿಸುವುದು ಅತಿಯಾಯಿತಲ್ಲವೇ?

ಉತ್ತರ: ಪ್ರಶ್ನೆಯಲ್ಲಿ ಆಕ್ಷೇಪವಿದೆ, ಆಕ್ಷೇಪದಲ್ಲಿ ಅರ್ಧ ಸತ್ಯವೂ ಇದೆ; ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1941ರಲ್ಲಿ ಹುಟ್ಟಿದ ಆಸ್ಬರ್ನ್ ರಡಕ್, ಅಂದರೆ ಕಿಂಗ್ ಟಬ್ಬಿ, ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ರೇಡಿಯೋ ರಿಪೇರಿ ಮಾಡುತ್ತ, ಟ್ರಾನ್ಸ್‌ಫಾರ್ಮರ್ ಸುತ್ತುತ್ತ, ಆಂಪ್ಲಿಫೈಯರ್ ಕಟ್ಟಿಕೊಡುತ್ತ ಬೆಳೆದ ತಂತ್ರಜ್ಞ. ಆ ಊರಿನಲ್ಲಿ ಜನ ಸಂಗೀತ ಕೇಳುತ್ತಿದ್ದದ್ದು ಬಯಲಿನಲ್ಲಿ ಪೇರಿಸಿಟ್ಟ ಸ್ಪೀಕರುಗಳ ಮುಂದೆ. ಇಂಥ ಸೌಂಡ್ ಸಿಸ್ಟಮ್ಮುಗಳ ನಡುವೆ ಪೈಪೋಟಿ ತೀವ್ರವಾಗಿತ್ತು, ಟಬ್ಬಿಯವರದೇ ಒಂದಿತ್ತು. 1960ರ ದಶಕದ ಕೊನೆಯಲ್ಲಿ ಹಾಡಿನ ದನಿಯನ್ನು ತೆಗೆದುಹಾಕಿ ಬರೀ ವಾದ್ಯಗಳನ್ನು ಕೇಳಿಸುವ ‘ವರ್ಷನ್’ ಎಂಬ ರೂಢಿ ಅಲ್ಲಿ ಶುರುವಾಯಿತು. ಜನ ತಾವೇ ಹಾಡಿಕೊಳ್ಳುತ್ತಿದ್ದರು, ಇಲ್ಲವೇ ಯು-ರಾಯ್ ಅವರಂಥವರು ಮೈಕು ಹಿಡಿದು ಅದರ ಮೇಲೆ ಲಯಬದ್ಧವಾಗಿ ಮಾತನಾಡುತ್ತಿದ್ದರು. ರೆಕಾರ್ಡಿನ ಒಂದು ಬದಿಗೆ ಹಾಡು, ಇನ್ನೊಂದು ಬದಿಗೆ ವರ್ಷನ್ ಎಂಬುದು ಕಂಪನಿಗಳಿಗೂ ಅಗ್ಗದ ವ್ಯವಹಾರವಾಗಿತ್ತು, ಎರಡನೆಯ ಬದಿಗೆಂದು ವಾದ್ಯಗಾರರಿಗೆ ಮತ್ತೆ ಕೂಲಿ ಕೊಡಬೇಕಿರಲಿಲ್ಲವಲ್ಲ.

ಟಬ್ಬಿ ಬೇರೊಂದು ಸ್ಟುಡಿಯೋ ಕೈಬಿಟ್ಟ ಬೇರೆಬೇರೆಯಾಗಿ ಮುದ್ರಿಸಿದ ಸದ್ದುಗಳನ್ನು ಏರಿಸಿ ಇಳಿಸಿ ಬೆರೆಸುವ, ನಾಲ್ಕು ಟ್ರ್ಯಾಕಿನ ಮಿಕ್ಸಿಂಗ್ ಮೇಜನ್ನು ಕೊಂಡುತಂದು ತಾಯಿಯ ಮನೆಯಲ್ಲಿ ಸ್ಟುಡಿಯೋ ಹೂಡಿದರು. ಆ ಚಿಕ್ಕ ಜಾಗದಲ್ಲಿ ವಾದ್ಯವೃಂದ ಕೂರುವಂತಿರಲಿಲ್ಲ. ಗಾಯಕರ ದನಿಯನ್ನು ಬಚ್ಚಲುಮನೆಯಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. ಬನ್ನಿ ಲೀ ಮೊದಲಾದ ನಿರ್ಮಾಪಕರು ಬೇರೆಡೆ ಮುದ್ರಿಸಿದ ಟೇಪುಗಳನ್ನು ತರುತ್ತಿದ್ದರು, ಟಬ್ಬಿ ಅವನ್ನು ಮೇಜಿನ ಮೇಲೆ ‘ನುಡಿಸುತ್ತಿದ್ದರು’. ಗಿಟಾರ್ ಒಂದು ಮೀಟು ಕೇಳಿಸಿ ಮಾಯವಾಗುತ್ತದೆ, ಅದರ ಮಾರ್ದನಿ ಮಾತ್ರ ಉಳಿದು ಕರಗುತ್ತದೆ, ಡ್ರಮ್ಮು ನಿಂತು ಬೇಸ್ ಒಂಟಿಯಾಗಿ ನಡೆಯುತ್ತದೆ, ಹಾಡಿನ ಅರ್ಧ ಸಾಲು ಎಲ್ಲಿಂದಲೋ ಬಂದು ಎಕೋದಲ್ಲಿ ಮುಳುಗುತ್ತದೆ. ಇದೆಲ್ಲ ಹಾಡು ಓಡುತ್ತಿರುವಾಗಲೇ ಕೈಯಲ್ಲಿ ಮಾಡಬೇಕಾದ ಕೆಲಸ, ಆದ್ದರಿಂದ ಒಂದೇ ಟೇಪಿನಿಂದ ಎರಡು ದಿನ ಎರಡು ಬೇರೆ ಕೃತಿಗಳು ಹುಟ್ಟಬಹುದು. ಇದನ್ನು ಮನೋಧರ್ಮ ಎನ್ನದೆ ಬೇರೇನೆನ್ನುವುದು?

ಇನ್ನು ನಿಮ್ಮ ಆಕ್ಷೇಪದಲ್ಲಿರುವ ಅರ್ಧ ಸತ್ಯ. ಹೀಗೆ ಮಿಕ್ಸಿಂಗ್ ಮೇಜಿನ ಮೇಲೆ ಹುಟ್ಟುವ ಸಂಗೀತಕ್ಕೆ ಡಬ್ ಎಂದು ಹೆಸರು. ಆ ಪ್ರಕಾರದ ಅತ್ಯಂತ ಪ್ರಸಿದ್ಧ ಧ್ವನಿಮುದ್ರಣಗಳಲ್ಲೊಂದಾದ ‘ಕಿಂಗ್ ಟಬ್ಬಿ ಮೀಟ್ಸ್ ರಾಕರ್ಸ್ ಅಪ್‌ಟೌನ್’, ಜೇಕಬ್ ಮಿಲ್ಲರ್ ಹಾಡಿದ ಒಂದು ಪ್ರೇಮಗೀತೆಯ ಇನ್ನೊಂದು ಬದಿಯಾಗಿ ಬಂದದ್ದು. ಹೆಸರು ಬಂದದ್ದು ನಿರ್ಮಾಪಕ ಅಗಸ್ಟಸ್ ಪಾಬ್ಲೋ ಮತ್ತು ಟಬ್ಬಿಗೆ. ಮಿಲ್ಲರ್ ಅವರ ಕಂಠದ ಚೂರುಗಳು ಅಲ್ಲಿ ಬಂದುಹೋಗುತ್ತವೆ. ಆ ಲಯದ ಬೆನ್ನೆಲುಬಾದ ಡ್ರಮ್ಮರ್ ಕಾರ್ಲ್‌ಟನ್ ಬ್ಯಾರೆಟ್ ಅವರ ಹೆಸರು ಕೇಳುಗರಲ್ಲಿ ಎಷ್ಟು ಮಂದಿಗೆ ಗೊತ್ತು? ಟಬ್ಬಿಯನ್ನು ಮಹಾನ್ ಎನ್ನೋಣ. ಅವರು ಅಳಿಸಿದ ಸಂಗೀತ ಅಳಿಸಲು ಯೋಗ್ಯವಾಗುವಷ್ಟು ಚೆನ್ನಾಗಿತ್ತು ಎಂಬುದನ್ನೂ ಜೊತೆಗೇ ಹೇಳೋಣ. 1989ರಲ್ಲಿ ಟಬ್ಬಿಯವರನ್ನು ಅವರ ಮನೆಯ ಹೊರಗೇ ಗುಂಡಿಕ್ಕಿ ಕೊಲ್ಲಲಾಯಿತು. ಅವರ ಕೈಕೆಳಗೆ ಕೆಲಸ ಕಲಿತ ಜಮ್ಮಿ ಅಷ್ಟರಲ್ಲಿ ಜಮೈಕಾದ ಸಂಗೀತವನ್ನು ಟೇಪಿನಿಂದ ಡಿಜಿಟಲ್ ಯಂತ್ರಗಳತ್ತ ತಿರುಗಿಸಿಯಾಗಿತ್ತು.

ಪ್ರಶ್ನೆ: ಬ್ಲ್ಯಾಕ್ ಸಬಾತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ ಬೆರಳು ಕಳೆದುಕೊಂಡದ್ದರಿಂದಲೇ ಹೆವಿ ಮೆಟಲ್ ಹುಟ್ಟಿತಂತೆ, ಹೌದೇ?

ಉತ್ತರ: ಕತೆ ನಿಜ, ತೀರ್ಮಾನ ಅವಸರದ್ದು. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಬಿಡಬೇಕಿದ್ದ ಕೊನೆಯ ದಿನವೇ ಅವರ ಬಲಗೈಯ ಎರಡು ಬೆರಳುಗಳ ತುದಿ ಕತ್ತರಿಸಿಹೋಯಿತು. ಎಡಚರಾದ್ದರಿಂದ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ತೆಳು ತಂತಿಗಳನ್ನು ಕಟ್ಟಿಕೊಂಡರು, 1971ರ ಹೊತ್ತಿಗೆ ಗಿಟಾರಿನ ಶ್ರುತಿಯನ್ನೂ ಇಳಿಸಿದರು. ತಂತಿ ಸಡಿಲವಾದಂತೆ ನಾದ ಭಾರವಾಯಿತು. ಆದರೆ 1970ರ ಮೊದಲ ಆಲ್ಬಮ್ಮಿನ ಆ ಕರಾಳ ಗತ್ತು ಶ್ರುತಿ ಇಳಿಸುವ ಮೊದಲೇ ಅಲ್ಲಿದೆ, ಬೇಸ್ ನುಡಿಸಿದ ಗೀಝರ್ ಬಟ್ಲರ್ ಹಾಗೂ ಡ್ರಮ್ಮಿನ ಬಿಲ್ ವಾರ್ಡ್ ಅವರ ಹತ್ತು ಬೆರಳುಗಳೂ ನೆಟ್ಟಗಿದ್ದವು. ಗಾಯ ಒಬ್ಬರು ನುಡಿಸುವ ರೀತಿಯನ್ನು ಬದಲಿಸಿತು ಎನ್ನುವುದೇ ಸಾಕು.

ಪ್ರಶ್ನೆ: ಬ್ರಿಟನ್ನಿನ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತ ಡೆಲಿಯಾ ಡರ್ಬಿಶೈರ್ ಅವರದೆಂದು ಕೆಲವರು, ರಾನ್ ಗ್ರೇನರ್ ಅವರದೆಂದು ಕೆಲವರು ಬರೆಯುತ್ತಾರೆ. ಯಾವುದು ಸರಿ?

ಉತ್ತರ: ರಾಗ ಗ್ರೇನರ್ ಅವರದು. ನಾವು ಇಂದು ಆ ಸಂಗೀತವೆಂದು ಗುರುತಿಸುವುದೆಲ್ಲ ಡರ್ಬಿಶೈರ್ ಅವರದು. ಗಣಿತ ಮತ್ತು ಸಂಗೀತ ಎರಡನ್ನೂ ಕೇಂಬ್ರಿಜ್‌ನಲ್ಲಿ ಓದಿದ ಅವರು ಕೆಲಸ ಕೇಳಿಕೊಂಡು ಹೋದಾಗ, ಧ್ವನಿಮುದ್ರಣ ಸ್ಟುಡಿಯೋದಲ್ಲಿ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಸಿಕ್ಕಿತ್ತು. ಮುಂದೆ ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್ ಸೇರಿದರು. 1958ರಲ್ಲಿ ಶುರುವಾದ ಆ ವಿಭಾಗದ ಸ್ಥಾಪಕರಲ್ಲಿ ಡಾಫ್ನಿ ಓರಮ್ ಎಂಬ ಮಹಿಳೆಯೂ ಒಬ್ಬರೆಂಬುದನ್ನು ಇಲ್ಲಿ ನೆನೆಯಬೇಕು. 1963ರಲ್ಲಿ ಗ್ರೇನರ್ ಬರೆದುಕೊಟ್ಟ ಸ್ವರಗಳ ಹಾಳೆ ಕೈಗೆ ಬಂದಾಗ ಅಲ್ಲಿ ಸಿಂಥಸೈಜರ್ ಇರಲಿಲ್ಲ, ಹಲವು ಟ್ರ್ಯಾಕುಗಳ ಟೇಪ್ ಯಂತ್ರವೂ ಇರಲಿಲ್ಲ. ಮೀಟಿದ ಒಂದು ತಂತಿಯ ಸದ್ದು, ಪ್ರಯೋಗಶಾಲೆಯ ಆಸಿಲೇಟರುಗಳು ಹೊರಡಿಸುವ ಸದ್ದು, ಇಷ್ಟನ್ನೇ ಮುದ್ರಿಸಿಕೊಂಡು, ಟೇಪಿನ ವೇಗ ಬದಲಿಸಿ ಬೇಕಾದ ಸ್ವರಕ್ಕೆ ತಂದು, ಪ್ರತಿ ಸ್ವರಕ್ಕೂ ಅದರ ಕಾಲಮಾನಕ್ಕೆ ತಕ್ಕ ಉದ್ದದ ಟೇಪಿನ ತುಂಡು ಕತ್ತರಿಸಿ, ಒಂದರ ಪಕ್ಕ ಒಂದನ್ನು ಅಂಟಿಸಿದರು. ಸಹಾಯಕ್ಕಿದ್ದವರು ಡಿಕ್ ಮಿಲ್ಸ್. ಕೊನೆಗೆ ಬೇರೆಬೇರೆ ಯಂತ್ರಗಳನ್ನು ಒಟ್ಟಿಗೆ ಚಾಲೂ ಮಾಡಿ, ಅವು ಹೆಜ್ಜೆ ತಪ್ಪದಂತೆ ನೋಡಿಕೊಂಡು, ಒಂದೇ ಟೇಪಿಗೆ ಇಳಿಸಬೇಕಿತ್ತು.

ಅದನ್ನು ಕೇಳಿದ ಗ್ರೇನರ್ ಬೆರಗಾಗಿ, ಗೌರವಧನದಲ್ಲಿ ಅವರಿಗೂ ಪಾಲು ಸಲ್ಲಬೇಕೆಂದು ಬಯಸಿದರಂತೆ. ಆ ವಿಭಾಗದ ನೌಕರರಿಗೆ ವೈಯಕ್ತಿಕ ಹೆಸರು ಕೊಡಬಾರದೆಂಬ ಬಿಬಿಸಿಯ ನಿಯಮ ಅಡ್ಡಬಂತು. ತೆರೆಯ ಮೇಲೆ ಅವರ ಹೆಸರು ಬಂದದ್ದು 2013ರಲ್ಲಿ, ಧಾರಾವಾಹಿಯ ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ. ಡರ್ಬಿಶೈರ್ 2001ರಲ್ಲೇ ತೀರಿಕೊಂಡಿದ್ದರು. ಅವರ ಮನೆಯ ಅಟ್ಟದಲ್ಲಿ ಸಿಕ್ಕ 267 ಟೇಪುಗಳು ಈಗ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿವೆ. ಸಂಸ್ಥೆಯ ನಿಯಮಕ್ಕೆ ಅದರದೇ ತರ್ಕವಿತ್ತು, ಅಲ್ಲಿ ಎಲ್ಲರೂ ಸಂಬಳದವರು ಎಂಬ ವಾದವನ್ನೂ ಬಲ್ಲೆ. ಆದರೆ ಅದೇ ನಿಯಮ ಹೊರಗಿನಿಂದ ಬಂದ ಸಂಯೋಜಕರ ಹೆಸರನ್ನು ಮುಚ್ಚಲಿಲ್ಲ ಎಂಬುದೂ ಅಷ್ಟೇ ನಿಜ.

ಪ್ರಶ್ನೆ: ಬ್ರಯನ್ ಈನೋ ಅವರ ಆಂಬಿಯೆಂಟ್ ಸಂಗೀತ ಗಮನವಿಟ್ಟು ಕೇಳಲೆಂದು ಮಾಡಿದ್ದೇ ಅಲ್ಲವೆನ್ನುತ್ತಾರೆ. ಹಾಗಾದರೆ ಅದರ ಬಗ್ಗೆ ಬರೆಯುವುದೇಕೆ?

ಉತ್ತರ: ಗಮನಿಸದಿದ್ದರೂ ನಡೆಯುತ್ತದೆ, ಗಮನಿಸಿದರೂ ಸಿಗುವುದಿದೆ ಎಂಬುದು ಅವರ ನಿಲುವು, ಎರಡರಲ್ಲಿ ಒಂದನ್ನು ಮಾತ್ರ ಉಲ್ಲೇಖಿಸುವುದು ಸರಿಯಲ್ಲ. 1975ರಲ್ಲಿ ಟ್ಯಾಕ್ಸಿ ಬಡಿದು ಹಾಸಿಗೆ ಹಿಡಿದಿದ್ದಾಗ, ಗೆಳತಿಯೊಬ್ಬರು ತಂದ ಹಾರ್ಪ್ ವಾದನದ ರೆಕಾರ್ಡು ತೀರಾ ಸಣ್ಣ ದನಿಯಲ್ಲಿ ಮಳೆಯ ಸದ್ದಿನೊಂದಿಗೆ ಬೆರೆತು ಕೇಳಿಸಿದ್ದು, ಎದ್ದು ದನಿ ಹೆಚ್ಚಿಸಲು ಅವರಿಗೆ ಸಾಧ್ಯವಾಗದಿದ್ದದ್ದು ಎಲ್ಲ ಪರಿಚಯಗಳಲ್ಲೂ ಬರುವ ಪ್ರಸಂಗ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಆಲ್ಬಮ್ಮಿನ ಒಳಗಿನ ಲೆಕ್ಕ. ಅದರ ಎರಡನೆಯ ಭಾಗದಲ್ಲಿ ಮಹಿಳೆಯರು ಹಾಡಿದ ಒಂದೊಂದೇ ಸ್ವರ ಒಂದೊಂದು ಟೇಪ್ ಲೂಪಿನಲ್ಲಿದೆ. ಒಂದು ಸುಮಾರು ಇಪ್ಪತ್ತಮೂರೂವರೆ ಸೆಕೆಂಡಿಗೊಮ್ಮೆ ಮರಳುತ್ತದೆ, ಇನ್ನೊಂದು ಇಪ್ಪತ್ತಾರಕ್ಕೆ ತುಸು ಕಡಿಮೆ, ಮತ್ತೊಂದು ಹೆಚ್ಚುಕಡಿಮೆ ಮೂವತ್ತು. ಈ ಉದ್ದಗಳು ಒಂದಕ್ಕೊಂದು ತಾಳೆಯಾಗದ್ದರಿಂದ ಆ ಸ್ವರಗಳು ಮೊದಲು ಕೂಡಿದ ರೀತಿಯಲ್ಲಿ ಮತ್ತೆ ಕೂಡುವುದು ಬಹಳ ಕಾಲದ ನಂತರ. ಅಮೆರಿಕದ ಸ್ಟೀವ್ ರೈಕ್ 1965ರಲ್ಲಿ ಒಂದೇ ಮಾತಿನ ಎರಡು ಟೇಪುಗಳನ್ನು ಒಟ್ಟಿಗೆ ಓಡಿಸಿ, ಅವು ಮೆಲ್ಲಗೆ ಹೆಜ್ಜೆ ತಪ್ಪುವುದನ್ನೇ ಕೃತಿಯಾಗಿಸಿದ್ದರು. ಈನೋ ಅದನ್ನು ಕೇಳಿ ಕಲಿತವರು, ಒಪ್ಪಿಕೊಂಡವರು ಕೂಡ. ಅದೇ ಆಲ್ಬಮ್ಮಿನ ಮೊದಲ ಭಾಗದಲ್ಲಿ ನಿಮಗೆ ಪಿಯಾನೋ ಇಷ್ಟವಾಗಿದ್ದರೆ, ಅದನ್ನು ನುಡಿಸಿದವರು ಸಾಫ್ಟ್ ಮೆಷಿನ್ ಬ್ಯಾಂಡಿನ ಡ್ರಮ್ಮರ್ ಆಗಿದ್ದ ರಾಬರ್ಟ್ ವಯಟ್. 1973ರಲ್ಲಿ ಕಿಟಕಿಯಿಂದ ಬಿದ್ದು ಕಾಲುಗಳ ಸ್ವಾಧೀನ ಕಳೆದುಕೊಂಡ ಮೇಲೆ ಅವರು ಡ್ರಮ್ಮಿನಿಂದ ಹಾಡಿಗೂ ಕೀಬೋರ್ಡಿಗೂ ಹೊರಳಿದ್ದರು.

ಪ್ರಶ್ನೆ: ಪ್ರಾಯೋಗಿಕ ಸಂಗೀತವೆಂದರೆ ಯುರೋಪ್, ಅಮೆರಿಕಗಳೇ ಏಕೆ? ಆಫ್ರಿಕದವರನ್ನು ‘ವಿಶ್ವಸಂಗೀತ’ದ ಪಟ್ಟಿಗೆ ಹಾಕಿ ಮುಗಿಸುವುದು ನ್ಯಾಯವೇ?

ಉತ್ತರ: ನ್ಯಾಯವಲ್ಲ. ಕಾಂಗೋದ ಕಿನ್ಶಾಸಾ ನಗರದ ಕೊನೊನೊ ನಂಬರ್ 1 ಬ್ಯಾಂಡನ್ನೇ ನೋಡಿ. ಮಿಂಗಿಯೇದಿ ಮವಾಂಗು ಕಟ್ಟಿದ ಈ ತಂಡ ಹೆಬ್ಬೆರಳಿನಿಂದ ಮೀಟುವ ಲಿಕೆಂಬೆ ಎಂಬ ವಾದ್ಯವನ್ನು ನಗರದ ಗದ್ದಲದಲ್ಲಿ ಕೇಳಿಸಲೆಂದು ಹಳೆಯ ಕಾರಿನ ಬಿಡಿಭಾಗಗಳ ಅಯಸ್ಕಾಂತದಿಂದ, ವಾದ್ಯದ ಸದ್ದನ್ನು ಹಿಡಿದು ಆಂಪ್ಲಿಫೈಯರಿಗೆ ಕೊಡುವ ಪಿಕಪ್ಪುಗಳನ್ನು ಮಾಡಿಕೊಂಡಿತು. ಸದ್ದು ಒಡೆದು ಬಂತು. ಆ ಒಡಕನ್ನು ಅವರು ಸಂಗೀತದ ಭಾಗವಾಗಿಯೇ ಉಳಿಸಿಕೊಂಡರು. ಇದನ್ನೇ ಬರ್ಲಿನ್ನಿನವರು ಮಾಡಿದ್ದರೆ ಪ್ರಯೋಗ ಎನ್ನುತ್ತಿದ್ದೆವು.

ನೈಜೀರಿಯಾದ ಫೇಲಾ ಕೂಟಿ ಅವರ ಪರಿಚಯಗಳಲ್ಲಿ ರಾಜಕೀಯವೇ ತುಂಬಿರುತ್ತದೆ, ಅದಕ್ಕೆ ಕಾರಣವಿಲ್ಲದಿಲ್ಲ. ಸೈನಿಕರನ್ನು ಅಣಕಿಸಿದ ‘ಝಾಂಬಿ’ ಬಂದ ಮೇಲೆ 1977ರ ಫೆಬ್ರುವರಿಯಲ್ಲಿ ಸೈನ್ಯ ಅವರ ಮನೆಗೆ ನುಗ್ಗಿ ಸುಟ್ಟಿತು. ಕಿಟಕಿಯಿಂದ ಎಸೆಯಲ್ಪಟ್ಟ ಅವರ ತಾಯಿ, ಮಹಿಳಾ ಹೋರಾಟಗಾರ್ತಿ ಫುನ್ಮಿಲಾಯೊ ರಾನ್ಸಮ್ ಕೂಟಿ, ಮರುವರ್ಷ ತೀರಿಕೊಂಡರು. ಇಷ್ಟು ಬರೆದ ಮೇಲೆ ಡ್ರಮ್ಮರ್ ಟೋನಿ ಅಲೆನ್ ಅವರಿಗೆ ಜಾಗವೇ ಉಳಿಯುವುದಿಲ್ಲ. ಫೇಲಾ ಇತರ ವಾದ್ಯಗಾರರಿಗೆ ಏನು ನುಡಿಸಬೇಕೆಂದು ಹೇಳಿಕೊಡುತ್ತಿದ್ದರು, ಅಲೆನ್‌ಗೆ ಮಾತ್ರ ಹಾಗೆ ಹೇಳಿಕೊಡುತ್ತಿರಲಿಲ್ಲ. ಎರಡು ಕೈ, ಎರಡು ಕಾಲು ನಾಲ್ಕು ಬೇರೆ ಮಾತುಗಳನ್ನಾಡುವಂಥ ಅವರ ಲಯ, ಫೇಲಾ ಅವರ ಆಫ್ರೋಬೀಟ್ ಎಂಬ ಸಂಗೀತ ಪ್ರಕಾರದ ಅರ್ಧ ಪಾಲು. ದುಡಿಮೆಗೆ ತಕ್ಕ ಹಣ ಸಿಗುತ್ತಿಲ್ಲವೆಂಬ ಬೇಸರದಿಂದ 1979ರ ಹೊತ್ತಿಗೆ ಅವರು ತಂಡ ಬಿಟ್ಟರು. ಅಧಿಕಾರದ ವಿರುದ್ಧ ಅಷ್ಟು ಹಾಡಿದ ತಂಡದೊಳಗಿನ ಅಧಿಕಾರದ ಲೆಕ್ಕವನ್ನೂ ಪರಿಚಯಗಳು ಬರೆಯಬೇಕು.

ಪ್ರಶ್ನೆ: ‘ಅಮೆನ್ ಬ್ರೇಕ್’ ಎಂಬ ಡ್ರಮ್ ತುಣುಕನ್ನು ಸಾವಿರಾರು ಹಾಡುಗಳಲ್ಲಿ ಬಳಸಿದ್ದಾರಂತೆ. ನುಡಿಸಿದವರಿಗೆ ಎಷ್ಟು ಹಣ ಸಿಕ್ಕಿತು?

ಉತ್ತರ: ಏನೂ ಸಿಗಲಿಲ್ಲ. 1969ರಲ್ಲಿ ವಿನ್‌ಸ್ಟನ್ಸ್ ಎಂಬ ಬ್ಯಾಂಡಿನ ರೆಕಾರ್ಡೊಂದರ ಎರಡನೆಯ ಬದಿಯಲ್ಲಿ ಗ್ರೆಗರಿ ಕೋಲ್‌ಮನ್ ಏಳು ಸೆಕೆಂಡಿನಷ್ಟು ಒಂಟಿಯಾಗಿ ಡ್ರಮ್ ನುಡಿಸಿದರು. ಹಳೆಯ ಧ್ವನಿಮುದ್ರಣದ ತುಣುಕನ್ನು ಎತ್ತಿ ಮತ್ತೆ ಮತ್ತೆ ನುಡಿಸುವ ಸ್ಯಾಂಪ್ಲರ್ ಯಂತ್ರಗಳು ಬಂದ ಮೇಲೆ ಹಿಪ್‌ಹಾಪ್ ಅದನ್ನು ಎತ್ತಿಕೊಂಡಿತು, ಬ್ರಿಟನ್ನಿನಲ್ಲಿ ಜಂಗಲ್ ಎಂಬ ಇಡೀ ಪ್ರಕಾರ ಅದರ ಮೇಲೆ ನಿಂತಿತು. ಹಕ್ಕುಸ್ವಾಮ್ಯದ ರೂಢಿ ರಾಗ, ಸಾಹಿತ್ಯ ಬರೆದವರನ್ನೂ ಧ್ವನಿಮುದ್ರಣದ ಒಡೆಯರನ್ನೂ ಗುರುತಿಸುತ್ತದೆಯೇ ಹೊರತು ಡ್ರಮ್ಮರನ್ನು ಲೇಖಕನೆಂದು ಎಣಿಸುವುದಿಲ್ಲ. ಕೋಲ್‌ಮನ್ 2006ರಲ್ಲಿ ಮನೆಯಿಲ್ಲದವರಾಗಿ ತೀರಿಕೊಂಡರು. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಸುಮಾರು 24,000 ಪೌಂಡುಗಳನ್ನು ಬ್ಯಾಂಡಿನ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್ ಅವರಿಗೆ ಕೊಟ್ಟರು.

ಪ್ರಶ್ನೆ: ಮುಖ್ಯಸ್ಥ ತೀರಿಕೊಂಡ ಮೇಲೂ ಅದೇ ಹೆಸರಿನಲ್ಲಿ ಬ್ಯಾಂಡು ಮುಂದುವರಿಯುವುದು ಸರಿಯೇ?

ಉತ್ತರ: ಹೆಸರು ಮಾರಿಕೊಳ್ಳುವ ತಂಡಗಳಿವೆ, ಕೆಲಸ ಮುಂದುವರಿಸುವ ತಂಡಗಳೂ ಇವೆ. ತಾನು ಶನಿಗ್ರಹದವನೆಂದು ಹೇಳಿಕೊಳ್ಳುತ್ತಿದ್ದ ಜಾಝ್ ಸಂಯೋಜಕ ಸನ್ ರಾ 1993ರಲ್ಲಿ ತೀರಿಕೊಂಡಾಗ ಅವರ ಆರ್ಕೆಸ್ಟ್ರಾ ಚದುರಲಿಲ್ಲ. ಮೊದಲು ಜಾನ್ ಗಿಲ್ಮೋರ್, 1995ರಿಂದ ಮಾರ್ಷಲ್ ಆಲೆನ್ ಅದನ್ನು ನಡೆಸಿದರು. 1950ರ ದಶಕದಿಂದ ಆ ತಂಡದಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತ ಬಂದ ಆಲೆನ್, ತಮ್ಮ ಸ್ವಂತ ಹೆಸರಿನ ಮೊದಲ ಆಲ್ಬಮ್ಮನ್ನು ಹೊರತಂದದ್ದು 2025ರಲ್ಲಿ, ನೂರು ವರ್ಷ ತುಂಬಿದ ಮೇಲೆ.